ಒಂಬತ್ತನೇ ತಾರೀಖಿಗೆ ಕೆಟ್ಟುಹೋದ ಇಂಗ್ಲಿಷು

ಎರಡು ವರ್ಷ ಹಳೆಯದಾದ ಇಂಗ್ಲಿಷು ಉಪಯೋಗಕ್ಕೆ ಬಾರದು ಎಂದು ಯಾರೋ ಎಲ್ಲೋ ಕುಳಿತು ತೀರ್ಮಾನಿಸಿದ್ದರ ಬಗ್ಗೆ ತಾರೀಖಪ್ಪನಿಗೆ ಇವತ್ತಿಗೂ ಸಿಟ್ಟಿದೆ. ಚಿಕ್ಕಂದಿನಿಂದ ಬಾಯಲ್ಲಿದ್ದ ಭಾಷೆ ಒಂದು ಬೆಳಗ್ಗೆ ಹಾಲಿನ ಹಾಗೆ ಒಡೆದುಹೋಗುತ್ತದೆಯೇ? ಹೋಗುವುದಿಲ್ಲ, ನಿಜ. ಆದರೆ ಆ ಪ್ರಶ್ನೆ ಕೇಳುವ ಹಕ್ಕು ಲೋಕದಲ್ಲಿ ಯಾರಿಗಾದರೂ ಇಲ್ಲದಿದ್ದರೆ ಅದು ತಾರೀಖಪ್ಪನಿಗೆ.

ತಾರೀಖಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಅವನು ಇಪ್ಪತ್ತೆರಡು ವರ್ಷದಿಂದ ಒಂದೇ ಔಷಧದಂಗಡಿಯಲ್ಲಿ ಫಾರ್ಮಸಿಸ್ಟ್. ತಾರೀಖು ನೋಡದೆ ಒಂದು ಗುಳಿಗೆಯನ್ನೂ ಕೊಟ್ಟವನಲ್ಲ. ಅದಕ್ಕಾಗಿ ಗಿರಾಕಿಗಳು ಬೆನ್ನ ಹಿಂದೆ ಕೊಟ್ಟ ಬಿರುದು ಅದು. ಔಷಧದ ಮೇಲೆ ಬರೀ ತಿಂಗಳು ಅಚ್ಚಾಗಿದ್ದರೆ ಆ ತಿಂಗಳ ಕೊನೆಯ ದಿನದವರೆಗೆ ಅದು ಔಷಧ, ಮಾರನೆಯ ದಿನ ಕಸ. ಇದು ಅವನ ಶಾಸನ. ಒಮ್ಮೆ ನಿವೃತ್ತ ಮೇಷ್ಟ್ರೊಬ್ಬರು ಕಣ್ಣಿನ ಹನಿಯ ಶೀಸೆ ಹಿಡಿದು, "ತಿಂಗಳು ಮುಗಿದು ನಾಲ್ಕೇ ದಿನ ಆಗಿದೆಯಲ್ಲಪ್ಪ, ಹಾಕ್ಕೋಬಹುದಾ?" ಎಂದು ಕೇಳಿದ್ದರು. "ಮುಗಿದದ್ದು ಮುಗೀತು ಮೇಷ್ಟ್ರೇ. ಅದರಲ್ಲಿ ನಾಲ್ಕು ದಿನ ನಲವತ್ತು ದಿನ ಅಂತ ಲೆಕ್ಕ ಇಲ್ಲ" ಎಂದು ಶೀಸೆಯನ್ನು ಅವರ ಕೈಯಿಂದಲೇ ಕಿತ್ತು ಕಸದ ಡಬ್ಬಿಗೆ ಹಾಕಿದ್ದ.

ಇಂಥ ಕಟ್ಟುನಿಟ್ಟಿನ ಮನುಷ್ಯನೊಳಗೆ ಒಂದು ಕನಸು ಬಿಡಾರ ಹೂಡಿತ್ತು. ಕಡಲಾಚೆಯ ಒಂದು ದೇಶ. ಅಲ್ಲೊಂದು ಸಣ್ಣ ಪೇಟೆ, ಪೇಟೆಯ ತಿರುವಿನಲ್ಲಿ ಔಷಧದಂಗಡಿ. ಬಾಗಿಲು ತಳ್ಳಿದರೆ ಪುಟ್ಟ ಗಂಟೆ ಕಿಣಿ ಎನ್ನುತ್ತದೆ. ಹೊರಗೆ ಮಂಜು, ಒಳಗೆ ಬಿಳಿ ಕೋಟು ತೊಟ್ಟ ತಾರೀಖಪ್ಪ. ಒಬ್ಬ ಮುದುಕಿ ಕೈಗವಸು ಕಳಚುತ್ತ ಬಂದು ಕೆಮ್ಮಿಗೆ ಏನಾದರೂ ಕೊಡಿ ಎನ್ನುತ್ತಾಳೆ. ಇವನು ಕೊಡುತ್ತಾನೆ. ಅವಳು ಹೋಗುವುದೇ ಇಲ್ಲ. ನಿಂತು ಹವೆಯ ಬಗ್ಗೆ ಮಾತಾಡುತ್ತಾಳೆ, ಇವನೂ ಮಾತಾಡುತ್ತಾನೆ, ಗೋಡೆಯ ಗಡಿಯಾರ ನಡೆಯುವುದನ್ನೇ ಮರೆತಿರುತ್ತದೆ. ಮಧ್ಯಾಹ್ನದ ಊಟ ಮುಗಿಸಿ ಕೌಂಟರಿನ ಹಿಂದೆ ಎತ್ತರದ ಸ್ಟೂಲಿನ ಮೇಲೆ ಕುಳಿತರೆ ಸಾಕು, ಮುದುಕಿ ಬರುತ್ತಿದ್ದಳು. (ಎದುರಿಗೆ ನಿಜವಾದ ಗಿರಾಕಿ ನಿಜವಾದ ಕೆಮ್ಮು ಕೆಮ್ಮುತ್ತಿದ್ದರೂ ಇವನಿಗೆ ಎಚ್ಚರವಾಗುತ್ತಿರಲಿಲ್ಲ.)

ಆ ದೇಶಕ್ಕೆ ಕೆಲಸಕ್ಕೆ ಅರ್ಜಿ ಹಾಕಲು ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ ಬೇಕು. ತಾರೀಖಪ್ಪ ಅಕ್ಟೋಬರ್ ಒಂಬತ್ತರಂದು ಪರೀಕ್ಷೆ ಬರೆದ, ಚೆನ್ನಾಗಿಯೇ ಪಾಸಾದ. ಪರೀಕ್ಷೆಯ ದಿನದಿಂದ ಎರಡು ವರ್ಷ ಮಾತ್ರ ಊರ್ಜಿತ ಎಂದು ಹಾಳೆಯ ಕೆಳಗೆ ಅಚ್ಚಾಗಿತ್ತು. ಅವನು ಹಾಳೆಯನ್ನು ಲಕೋಟೆಗೆ ಹಾಕಿ, ಮೇಲೆ ಅಂಗಡಿಯ ಚೀಟಿ ಅಂಟಿಸಿ, ಎರಡು ವರ್ಷ ಮುಂದಿನ ಇಸವಿ ಹಾಕಿ 'ಅವಧಿ: ಅಕ್ಟೋಬರ್' ಎಂದು ಬರೆದ. ಗುಳಿಗೆ ಡಬ್ಬಿಯಿಂದ ತೇವ ಹೀರುವ ಹರಳಿನ ಪೊಟ್ಟಣವೊಂದನ್ನು ತಂದು ಒಳಗಿಟ್ಟ. ಕಬ್ಬಿಣದ ಬೀರುವಿನಲ್ಲಿ, ತಂಪಾದ, ಬಿಸಿಲು ಬೀಳದ ಜಾಗದಲ್ಲಿ ಸ್ಥಾಪಿಸಿದ.

"ಅದೇನ್ರೀ, ಕಾಗದಕ್ಕೂ ಶೀತ ಆಗುತ್ತಾ?" ಎಂದಳು ಹೆಂಡತಿ.

"ನಿನಗೆ ಗೊತ್ತಾಗಲ್ಲ ಇವಳೇ. ಸರಿಯಾಗಿ ಇಟ್ಟುಕೊಂಡರೆ ಯಾವುದೂ ಅವಧಿಗೆ ಮುಂಚೆ ಕೆಡಲ್ಲ."

"ಇಟ್ಟುಕೊಳ್ಳೋಕಲ್ಲ ತಗೊಂಡಿದ್ದು, ಕಳಿಸೋಕೆ."

ಅವಳು ಬಸ್ಸಿನ ಕಂಪನಿಯೊಂದರಲ್ಲಿ ವೇಳಾಪಟ್ಟಿ ತಯಾರಿಸುವವಳು. ಇನ್ನೂರು ಬಸ್ಸು ಯಾವ ನಿಮಿಷಕ್ಕೆ ಎಲ್ಲಿಂದ ಹೊರಡಬೇಕೆಂದು ಬರೆಯುವುದು ಅವಳ ಕೆಲಸ. ಹೆಚ್ಚು ಮಾತಿಲ್ಲ.

ಅರ್ಜಿಯಲ್ಲಿ ಒಂದು ಪ್ರಶ್ನೆಯಿತ್ತು: ಈ ದೇಶಕ್ಕೆ ಏಕೆ ಬರಬಯಸುತ್ತೀರಿ? ಎಂಟು ಸಾಲಿನಲ್ಲಿ ಬರೆಯಿರಿ. ತಾರೀಖಪ್ಪ ಬರೆಯಲು ಕುಳಿತ. ಮೊದಲನೆಯ ವರ್ಷ ಮಂಜಿಗೇ ಹೋಯಿತು. ಬರೆದ, ಹೊಡೆದುಹಾಕಿದ, ಮಂಜನ್ನು ತೆಳ್ಳಗೆ ಮಾಡಿದ, ಮತ್ತೆ ದಟ್ಟ ಮಾಡಿದ. ಎರಡನೆಯ ವರ್ಷದ ಬೇಸಿಗೆಯ ಹೊತ್ತಿಗೆ ಮುದುಕಿ ಬಾಗಿಲು ತಳ್ಳಿದಳು.

ಒಂದು ಭಾನುವಾರ ಹೆಂಡತಿ ಆ ಹಾಳೆಗಳನ್ನು ಓದಿದಳು. "ಎಂಟು ಸಾಲು ಕೇಳಿದಾರೆ, ನೀವು ಹದಿನೇಳು ಪುಟ ಬರೆದಿದೀರ. ಈ ಅಜ್ಜಿ ಯಾರು?"

"ಅದು... ಗಿರಾಕಿ."

"ಇನ್ನೂ ಕೆಲಸಾನೇ ಸಿಕ್ಕಿಲ್ಲ, ಗಿರಾಕಿ ಆಗಲೇ ಬಂದು ಕೆಮ್ತಾ ನಿಂತಿದಾಳೆ! ಅವಳ ಕೆಮ್ಮು ವಾಸಿಯಾಗೋದ್ರೊಳಗಾದ್ರೂ ಕಳಿಸ್ರೀ."

ಅಕ್ಟೋಬರ್ ಬಂತು. ಏಳನೇ ತಾರೀಖು ಬೆಳಗ್ಗೆ ಕಾಫಿ ಕೊಡುತ್ತ ಅವಳು ಕೇಳಿದಳು, "ನೀವು ಪರೀಕ್ಷೆ ಬರೆದದ್ದು ಒಂಬತ್ತಕ್ಕಲ್ವಾ? ನಾಳಿದ್ದಿಗೆ ಮುಗಿಯಲ್ವಾ?"

ತಾರೀಖಪ್ಪ ದೊಡ್ಡ ಮನಸ್ಸಿನಿಂದ ನಕ್ಕ. "ಅವಧಿ ಅಂದ್ರೇನು ಅಂತ ನನಗೆ ಹೇಳ್ಕೊಡ್ತೀಯಾ? ಅಕ್ಟೋಬರ್ ಅಂದ್ರೆ ಅಕ್ಟೋಬರ್ ಮೂವತ್ತೊಂದು."

"ಒಂಬತ್ತೂ ಹತ್ತರ ಬಸ್ಸು ಹತ್ತು ಗಂಟೆ ಆಗೋವರೆಗೂ ನಿಂತಿರುತ್ತೆ ಅಂತ ನಾನಂತೂ ಯಾವತ್ತೂ ಬರೆದಿಲ್ಲಪ್ಪ."

"ಬಸ್ಸು ಬೇರೆ, ವಿಜ್ಞಾನ ಬೇರೆ."

ಅವಳು ಚೀಲ ಹೆಗಲಿಗೇರಿಸಿ ಕೆಲಸಕ್ಕೆ ಹೊರಟಳು. ಬಸ್ಸು ಎಷ್ಟು ಹೊತ್ತಿಗೆ ಹೊರಡುತ್ತದೆಂದು ಹೇಳುವುದು ಅವಳ ಕೆಲಸ, ಜನರನ್ನು ಎತ್ತಿ ಒಳಗೆ ಕೂರಿಸುವುದಲ್ಲ.

ಇಪ್ಪತ್ತೆರಡನೇ ತಾರೀಖು ಮಂಜು, ಗಂಟೆ, ಮುದುಕಿ ಎಲ್ಲ ಒಂದು ಹದಕ್ಕೆ ಬಂದವು. ತಾರೀಖಪ್ಪ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಂಪ್ಯೂಟರಿನ ಮುಂದೆ ಕುಳಿತ. ಪರೀಕ್ಷೆಯ ತಾರೀಖು ತುಂಬಿದ. ಕೆಂಪು ಅಕ್ಷರದಲ್ಲಿ ಒಂದು ಸಾಲು ಮೂಡಿತು: ಈ ಫಲಿತಾಂಶದ ಅವಧಿ ಮುಗಿದಿದೆ. ಕನ್ನಡಕ ಒರೆಸಿಕೊಂಡು ಮತ್ತೆ ತುಂಬಿದ. ಮತ್ತೆ ಕೆಂಪು. ಕಂಪ್ಯೂಟರನ್ನೇ ಆರಿಸಿ ಹಚ್ಚಿದ. ಅದಕ್ಕೇನು, ಇನ್ನಷ್ಟು ಕೆಂಪಾಗಿ ತೋರಿಸಿತು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವನಂತೆ ಅವನು ಅರ್ಜಿ ತೆಗೆದುಕೊಳ್ಳುವ ಕಚೇರಿಗೆ ಫೋನ್ ಹಚ್ಚಿದ. ಅತ್ತ ಒಬ್ಬ ಹೆಂಗಸಿನ ಮೆತ್ತನೆಯ ದನಿ. ತಾರೀಖಪ್ಪ ಇಂಗ್ಲಿಷಿನಲ್ಲಿ ವಾದ ಹೂಡಿದ. ಒಂಬತ್ತರಂದು ತನಗೆ ಬರುತ್ತಿದ್ದ ಯಾವ ಪದ ಹತ್ತರಂದು ಮರೆತುಹೋಯಿತು, ತೋರಿಸಿ ಎಂದ. ಭಾಷೆ ಮನುಷ್ಯನ ರಕ್ತದಲ್ಲಿರುತ್ತದೆ, ಕಾಗದದಲ್ಲಲ್ಲ ಎಂದ. ಇಪ್ಪತ್ತು ನಿಮಿಷ ಮಾತಾಡಿದ, ಒಂದು ತಪ್ಪಿಲ್ಲ, ಒಂದು ತಡವರಿಕೆಯಿಲ್ಲ. ಜೀವಮಾನದಲ್ಲೇ ಅವನು ಅಂಥ ಇಂಗ್ಲಿಷ್ ಆಡಿರಲಿಲ್ಲ.

"ಸಾರ್, ಎಂಟು ವರ್ಷದಿಂದ ಈ ಫೋನಿನ ಮುಂದಿದ್ದೇನೆ, ಇಷ್ಟು ಚೆಂದದ ಇಂಗ್ಲಿಷ್ ಕೇಳಿಲ್ಲ" ಎಂದಿತು ಮೆತ್ತನೆಯ ದನಿ. "ಆದರೆ ನಿಮಗೆ ಇಂಗ್ಲಿಷ್ ಬರುತ್ತದೆ ಎನ್ನಲು ಈಗ ದಾಖಲೆ ಇಲ್ಲ."

"ಹದಿಮೂರೇ ದಿನ ಆಗಿದೆ ಮೇಡಂ!"

ಅತ್ತ ಫೋನು ಇಟ್ಟ ಸದ್ದು.

ಎರಡು ದಿನ ಅವನು ಗೋಡೆಗೆ ಮುಖ ಮಾಡಿ ಮಲಗಿದ. ಕಣ್ಣು ಮುಚ್ಚಿದರೆ ಅದೇ ಪೇಟೆ, ಅದೇ ತಿರುವು. ಅಂಗಡಿಯ ಬಾಗಿಲಿಗೆ ಬೀಗ. ಮುದುಕಿ ಮಂಜಿನಲ್ಲಿ ಗಾಜಿಗೆ ಕೈಯೊಡ್ಡಿ ಒಳಗೆ ಇಣುಕಿ, ತಲೆಯಾಡಿಸಿ, ಕೆಮ್ಮುತ್ತ ಎದುರಿನ ಅಂಗಡಿಗೆ ಹೋದಳು. ಅಲ್ಲೂ ಒಂದು ಗಂಟೆ ಕಿಣಿ ಎಂದಿತು.

ಮೂರನೆಯ ದಿನ ಹೆಂಡತಿ ಕಚೇರಿಯಿಂದ ಬರುವಾಗ ಪರೀಕ್ಷೆಗೆ ಹೆಸರು ಬರೆಸಿ ಬಂದಳು. ಒಂದಲ್ಲ, ಎರಡು.

"ನಿನಗ್ಯಾಕೆ ಪರೀಕ್ಷೆ?"

"ನೀವು ಒಳಗೆ ಮೂರು ಗಂಟೆ ಕೂತಿದ್ರೆ ನಾನು ಹೊರಗೆ ನಿಂತು ಗೋಡೆ ನೋಡ್ಲಾ?"

ತಾರೀಖಪ್ಪನಿಗೆ ಕನಿಕರ ಉಕ್ಕಿತು. ಪಾಪ, ಇವಳು ಬರೆಯುವ ವಾಕ್ಯಗಳೆಲ್ಲ ಬಸ್ಸಿನಷ್ಟೇ ಒಣಕಲು. ಒಂದು ವಾರ ಕೂರಿಸಿಕೊಂಡು ಪಾಠ ಹೇಳಿದ. "ಸ್ವಲ್ಪ ಬಳಸಿ ಬರಿ. ವಿಷಯಕ್ಕೆ ನೇರ ನುಗ್ಗಬಾರದು, ಅದು ಒರಟುತನ." ಅವಳು ತಲೆಯಾಡಿಸುತ್ತ ಬೇಳೆ ಆರಿಸುತ್ತಿದ್ದಳು.

ಪ್ರಯಾಣವೊಂದನ್ನು ವಿವರಿಸಿ ಎಂದು ಪರೀಕ್ಷಕ ಕೇಳಿದಾಗ ಅವಳು ಎಲ್ಲಿಂದ ಹೊರಟೆ, ಎಲ್ಲಿ ಇಳಿದೆ, ಏಕೆ ತಡವಾಯಿತು, ಯಾರ ತಪ್ಪು ಎಂದು ಹೇಳಿ ಎದ್ದುಬಂದಳಂತೆ. ತಾರೀಖಪ್ಪನಿಗೆ ಬರವಣಿಗೆಯಲ್ಲಿ ಬಂದ ವಿಷಯ: ನಗರದ ಬದುಕು ಲೇಸೋ, ಹಳ್ಳಿಯ ಬದುಕು ಲೇಸೋ? ಅವನು ಮಂಜಿನಿಂದ ಆರಂಭಿಸಿದ. ನಗರ ಇನ್ನೂ ಕಣ್ಣಿಗೆ ಬಿದ್ದಿರಲಿಲ್ಲ, ಪರೀಕ್ಷೆ ಮುಗಿದ ಗಂಟೆ ಹೊಡೆಯಿತು.

ಫಲಿತಾಂಶ ಬಂತು. ಅವಳು ಎಲ್ಲದರಲ್ಲೂ ಪಾಸು. ಅವನು ಬರವಣಿಗೆಯಲ್ಲಿ ಅರ್ಧ ಅಂಕಕ್ಕೆ ಬಿದ್ದಿದ್ದ.

"ಇರಲಿ ಬಿಡಿ" ಎಂದಳು ಹೆಂಡತಿ, ಕಂಪ್ಯೂಟರಿನ ಮುಂದೆ ಕುಳಿತು. ಫಲಿತಾಂಶ ಬಂದು ಇನ್ನೂ ಮುಕ್ಕಾಲು ಗಂಟೆಯಾಗಿರಲಿಲ್ಲ. "ಆ ದೇಶಕ್ಕೆ ವೇಳಾಪಟ್ಟಿ ಮಾಡೋರೂ ಬೇಕಂತೆ, ಪಟ್ಟಿಯಲ್ಲಿ ನೋಡಿದೆ. ಅರ್ಜಿದಾರರು ನಾನು. ನಿಮ್ಮನ್ನ 'ಅವಲಂಬಿತರು' ಅನ್ನೋ ಕಡೆ ಹಾಕ್ತೀನಿ."

"ಅವಲಂಬಿತ? ನಾನಾ?"

"ಬೇರೆ ಯಾರಾದ್ರೂ ಇದ್ರೆ ಹೇಳಿ, ಅವರ ಹೆಸರು ಹಾಕ್ತೀನಿ. ಅಲ್ಲಿಗೆ ಹೋದ ಮೇಲೆ ನಿಧಾನವಾಗಿ ಇನ್ನೊಂದ್ಸಲ ಪರೀಕ್ಷೆ ಬರೀರಿ, ಅಂಗಡಿ ಎಲ್ಲಿಗೂ ಓಡಿಹೋಗಲ್ಲ."

ಏಕೆ ಬರಬಯಸುತ್ತೀರಿ ಎಂಬಲ್ಲಿ ಅವಳು ಬರೆದದ್ದು ಇಷ್ಟು: ನನಗೆ ಕೆಲಸ ಗೊತ್ತು. ನಿಮಗೆ ಕೆಲಸದವರು ಬೇಕು.

ತಾರೀಖಪ್ಪ ಪರದೆಯತ್ತ ಬಗ್ಗಿದ. "ಒಂಚೂರು ಮಂಜು..."

"ಅವರ ಮಂಜು ಅವರಿಗೆ ಗೊತ್ತಿರುತ್ತೆ."

ಅವನು ಕಿಟಕಿಯ ಕಡೆ ನೋಡಿದ. ಕಣ್ಣಿನ ಮುಂದೆ ಆ ಪೇಟೆ ಮತ್ತೆ ಮೆಲ್ಲನೆ ತೆರೆದುಕೊಂಡಿತು. ನೆನೆದ ಬೀದಿ, ಹಳದಿ ದೀಪ. ಉದ್ದ ಕೋಟು ತೊಟ್ಟ ಒಬ್ಬಳು ಗಡಿಯಾರ ನೋಡುತ್ತ ಬಿರುಸಾಗಿ ನಡೆಯುತ್ತಿದ್ದಾಳೆ. ಎರಡು ಹೆಜ್ಜೆ ಹಿಂದೆ, ಅವಳ ಚೀಲ ಹಿಡಿದು, ಒಬ್ಬ ಗಂಡಸು. ಮಂಜಿನಲ್ಲಿ ಅವನ ಮುಖ ಸರಿಯಾಗಿ ಕಾಣಲಿಲ್ಲ. ನಡಿಗೆ ಮಾತ್ರ ಎಲ್ಲೋ ನೋಡಿದ ಹಾಗಿತ್ತು.

ಅರ್ಜಿಯ ಕೊನೆಯ ಪುಟದಲ್ಲಿ ಹೆಂಡತಿಯ ಕೈ ನಿಂತಿತು. ಅವಳು ಗಟ್ಟಿಯಾಗಿ ಓದಿದಳು: "ಅವಲಂಬಿತರು ಇಂಗ್ಲಿಷಿನಲ್ಲಿ ಹೇಳಿದ ಸರಳ ಸೂಚನೆಗಳನ್ನು ಅರ್ಥ ಮಾಡಿಕೊಂಡು ಪಾಲಿಸಬಲ್ಲರೇ? ದಾಖಲೆ ಬೇಕಿಲ್ಲ, ಅರ್ಜಿದಾರರ ಮಾತು ಸಾಕು."

ಅವಳು ಕನ್ನಡಕದ ಮೇಲಿನಿಂದ ಗಂಡನನ್ನು ಒಂದು ಗಳಿಗೆ ನೋಡಿದಳು. ಸುಳ್ಳು ಬರೆದು ಅಭ್ಯಾಸವಿಲ್ಲದ ಹೆಂಗಸು.

"ಕ್ಲೋಸ್ ದಿ ವಿಂಡೋ" ಎಂದಳು.

ತಾರೀಖಪ್ಪ ಎದ್ದ, ಕಿಟಕಿ ಮುಚ್ಚಿದ, ಚಿಲಕ ಹಾಕಿದ, ಬಂದು ಕುಳಿತ.

ಅವಳು 'ಹೌದು' ಎಂಬಲ್ಲಿ ಗುರುತು ಹಾಕಿದಳು.