ಶಾಲು ತಯಾರದಾವ, ಹೆಗಲು ಕಳಸ್ರಿ

ಏಳು ಸಮುದ್ರದ ಆಚೆ ಕುಂತು ತಂತಿವಾದ್ಯದ ಸಾಫ್ಟ್‌ವೇರ್ ಮಾರುವ ಕಂಪನಿಯ ಮಾನ್ಯ ಮಾಲೀಕರೇ,

ಬೆಳಗಾವಿ ಶಿವಬಸವ ನಗರದ ಹಿಟ್ಟಿನ ಗಿರಣಿ ಮ್ಯಾಲಿನ ಖೋಲಿಯಿಂದ ಕಲ್ಮೇಶ ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾವು ಇಲ್ಲೆ ಕ್ಷೇಮ. ನಿಮ್ಮ ಪಿಟೀಲಿನ ಮಂದಿ ನನ್ನ ಕಂಪ್ಯೂಟರಿನಾಗ ಕ್ಷೇಮ, ಮೈಮ್ಯಾಲ ಒಂದೀಟು ಜ್ವಾಳದ ಹಿಟ್ಟು ಕುಂತೈತಿ ಅಷ್ಟ.

ನಾ ಕಲಿತದ್ದು ಹತ್ತನೇತ್ತಾ. ಮುಂದ ಮೊಬೈಲ್ ರಿಪೇರಿ, ಡಿಜೆ ಗಾಡಿ, ಜಿಮ್ ಅಂತ ಒಂದು ಕಡೆ ಕುಂಡಿ ಊರದ ಅಲೆದಾಡಿ, ಕಡೀಕ ನಿಮ್ಮ ಸಾಫ್ಟ್‌ವೇರ್ ಮುಂದ ಬಂದು ಕುಂತೇನಿ. ಕೀಬೋರ್ಡಿನ ಮ್ಯಾಲ ಒಂದು ಬೆರಳಿಟ್ಟರ ಸಾಕು, ಹದಿನಾರು ಮಂದಿ ಒಮ್ಮೆಲೆ ಪಿಟೀಲು ಎಳೀತಾರ. ಚಾ ಕೇಳೂದಿಲ್ಲ, ತಂಬಾಕ ತಿಕ್ಕೂದಿಲ್ಲ, ಊರಾಗ ಲಗ್ನ ಐತಿ ಅಂತ ನಡುವ ಎದ್ದು ಹೋಗೂದಿಲ್ಲ. ಇಂಥಾ ಶಿಸ್ತಿನ ಮಂದಿ ನಮ್ಮ ಜಿಲ್ಲಾದಾಗ ಹುಟ್ಟೇ ಇಲ್ಲ. ಆದ್ರ ತಾವು ಅಷ್ಟಕ್ಕ ನಿಲ್ಲಲಿಲ್ಲ. ಕೇಳಿದವರಿಗೆ ಖರೇ ಅನಸಬೇಕಂತ, ಬಾರಿಸೂ ಮೊದಲು ಒಬ್ಬಾಂವ ಮೂಗಿಲೆ ಉಸಿರು ಎಳಕೊಳ್ಳೂದನ್ನೂ, ಮತ್ತೊಬ್ಬನ ಖುರ್ಚಿ ಕಿರ್ ಅನ್ನೂದನ್ನೂ ಬಿಡದ ರೆಕಾರ್ಡ್ ಮಾಡಿ ಕೊಟ್ಟೀರಿ. ತಮ್ಮ ಈ ಪ್ರಾಮಾಣಿಕತನಾನ ನನ್ನ ತಕರಾರು.

ಆದದ್ದು ಹಿಂಗ. ಖಾನಾಪುರದ ನನ್ನ ದೋಸ್ತ ಚೇತನ, ಅವನ ಅಕ್ಕನ ಕೂಸಿನ ತೊಟ್ಟಿಲ ಕಾರ್ಯಕ್ರಮ. ಅವರ ಆಯಿ, ಅಂದ್ರ ಅಜ್ಜಿ, ಸಾವಂತ್ರವ್ವ ಹಾಡಿದ ಜೋಗುಳನ ಮೊಬೈಲಿನಾಗ ತುಂಬಿಕೊಂಡು ಬಂದು, ಇದರ ಹಿಂದ ಸಿನೆಮಾದಾಗಿನ ಹಂಗ ತಂತಿವಾದ್ಯ ಹಾಕಿಕೊಡೋ ಅಂದ. ನಿಮ್ಮ ಯಂತ್ರ ಎಣಸೂದು ಒಂದ, ಎರಡ, ಮೂರ, ನಾಕ. ನಮ್ಮ ಆಯಿಯ ತಾಳ ಇರೂದು ಕೂಸಿನ ಕಣ್ಣಾಗ. ಕೂಸು ಕಣ್ಣು ಮುಚ್ಚಿದ್ರ ನಿಧಾನ, ಹೊರಳಿದ್ರ ಜೋರು, ಮಲಗೇತೋ ಇಲ್ಲೋ ಅಂತ ನಡುವ ಹಾಡೇ ನಿಲ್ಲಿಸಿ ಬಗ್ಗಿ ನೋಡತಾಳ. ನಾ ಒಂದೊಂದು ಸ್ವರಾನೂ ಮೌಸಿಲೆ ಜಗ್ಗಿ ಜಗ್ಗಿ, ಆಯಿ ಬಗ್ಗಿ ನೋಡೂತನಕ ನಿಮ್ಮ ಮಂದೀನ ತಡಿಸಿ ನಿಲ್ಲಿಸಿದೆ. ತಡಿಸಿದಾಂವ ನಾ, ಹೆಸರು ಬಂದದ್ದು ಅವರಿಗೆ.

ಕೇಳಿದ ಆಯಿ ಕಣ್ಣಾಗ ನೀರು ತಂದು, "ನನಗಂತ ತಡದು ನಿಂತಾರಲ್ಲೋ ಯಪ್ಪಾ! ಎಂಥಾ ತಾಯಿ ಹೊಟ್ಟಿಲೆ ಹುಟ್ಟ್ಯಾರೋ!" ಅಂದಳು. ಆ ಉಸಿರು ಎಳಕೊಳ್ಳಾವಗ ನೆಗಡಿ ಆಗೇತಿ, ಶುಂಠಿ ಕಷಾಯ ಕುದಸ್ರಿ ಅಂದಳು. ಖುರ್ಚಿ ಕಿರ್ ಅಂದಾಂವ ಎಲ್ಯರ ಬಿದ್ದಾನು, ಅವಗೊಂದು ಗಟ್ಟಿ ಖುರ್ಚಿ ನೋಡ್ರಿ ಅಂದಳು. "ನನ್ನ ಹಾಡು ಕೇಳಿದವರೆಲ್ಲಾ ಅರ್ಧಕ್ಕ ಗೊರಕಿ ಹೊಡದವರ ನೋಡಪಾ. ಮುಗಿಯೂತನಕ ಎಚ್ಚರಿದ್ದವರು ಇವರ ಮೊದಲ. ಅವರನ್ನ ಕರಕೊಂಡ ಬಾ, ನನ್ನ ಕೈಯಾರೆ ಹೋಳಿಗಿ ಬಡಸತೇನಿ" ಅಂತ ನನ್ನ ಕೈ ಹಿಡಕೊಂಡಳು. ಆ ಕೈಯಾಗ ಕೈ ಇಟ್ಟು, ಇದರಾಗ ಮಂದೀನ ಇಲ್ಲ ಆಯಿ ಅಂತ ಹೇಳಾಕ ನಿಮ್ಮ ಕಂಪನಿಯವರೇ ಬರಬೇಕಿತ್ತು.

ಇನ್ನ ಚೇತನನ ಅಪ್ಪ ಬಾಳಾಸಾಹೇಬರು. ಬೋರ್ ಹೊಡಿಯಾಕ ಬಂದಾವಗ, ನೀರು ಬೀಳದಿದ್ರೂ, ಶಾಲು ಹೊದಿಸಿ ಕಳಿಸಿದ ಮನುಷ್ಯಾ. ಸಾಹೇಬರ, ಅವರು ಬರೂದು ಆಗೂದಿಲ್ಲರಿ ಅಂದ್ರ, "ಗಾಡಿ ಕಳಸೂಣು ಬಿಡೋ" ಅಂದು ಹದಿನಾರು ಶಾಲು, ಹದಿನಾರು ತೆಂಗಿನಕಾಯಿ, ತಲಿಗೆ ಸುತ್ತಾಕ ಹದಿನಾರು ಪಟಗಾ ತಂದೇ ಬಿಟ್ರು.

ಕಾರ್ಯಕ್ರಮದ ದಿನ ಮುಂದಿನ ಸಾಲಿನಾಗ ಹದಿನಾರು ಖುರ್ಚಿ. ಬೀಗರು ಯಾರರ ಕುಂದರಾಕ ಹ್ವಾದ್ರ, ಏಳ್ರಿ, ಪಿಟೀಲಿನವರು ಬರೂದೈತಿ ಅಂತ ಎಬ್ಬಸಾಕತ್ತಿದ್ರು. ಕಷಾಯದ ಥರ್ಮಾಸು ಬ್ಯಾರೆ. "ಪಾವ್ಣೆ ಕಧೀ ಯೇಣಾರ?" ಅಂತ ಅವರು ಬರೂ ಹೊತ್ತು ಕೇಳಾವರು ಒಬ್ಬರು, "ಎಲ್ಲೆದಾರೋ ನಿನ್ನ ಮಂದಿ?" ಅಂತ ಇನ್ನೊಬ್ಬರು, ಮರಾಠಿ ಕನ್ನಡ ಎರಡರಾಗೂ ನನ್ನ ಮಾನಾ ಹೋತು. ಕಡೀಕ ಆಯಿಯ ಕಿವಿಯಾಗ ಎಲ್ಲಾ ಹೇಳಿದೆ: ಅವರು ಎಲ್ಲೋ ದೂರ ದೇಶದಾಗ, ಎಂದೋ ಕುಂತು, ಒಂದೊಂದು ಸ್ವರ ಬಿಡಿಬಿಡಿಯಾಗಿ ಬಾರಿಸಿ ಹೋದವರು, ಅದನ್ನ ನಾ ಇಲ್ಲೆ ಪೋಣಿಸೇನಿ ಅಂತ.

ಆಯಿ ಬೈತಾಳ ಅಂತ ಕಣ್ಣು ಮುಚ್ಚಿದ್ದೆ. ಅಕಿ ಖಾಲಿ ಖುರ್ಚಿ ಕಡೆ ನೋಡಿಕೋತ, "ಹಂಗಾರ ಪೂರ್ತಿ ಹಾಡು ಅವರಿಗೆ ಯಾರೂ ಕೇಳಿಸೇ ಇಲ್ಲೇನೋ? ಪಾಪ" ಅಂದಳು. ಶಾಲಿನ ಗಂಟು ತಂದು ನನ್ನ ತೊಡಿಮ್ಯಾಲ ಇಟ್ಟಳು. "ಮುಟ್ಟಿಸಿ ಬಾ."

ಆದಕಾರಣ ಮಾನ್ಯರೇ, ತಮ್ಮಲ್ಲಿ ನನ್ನ ನಮ್ರ ವಿನಂತಿ ಏನಂದ್ರ, ಮುಂದಿನ ಅಪ್‌ಡೇಟಿನಾಗ ಒಂದು ಬಟನ್ ಕೊಡ್ರಿ, ಒತ್ತಿದ ಕೂಡಲೆ ಹದಿನಾರೂ ಮಂದಿ ಕಂಪ್ಯೂಟರಿನಿಂದ ಇಳದು, ಕೈಕಾಲು ತೊಳಕೊಂಡು, ಖಾನಾಪುರಕ್ಕ ಬಂದು ಉಂಡು ಹೋಗಬೇಕು. ಅದು ಆಗೂದಿಲ್ಲಂದ್ರ ಅವರ ವಿಳಾಸ ಕಳಸ್ರಿ. ಅದೂ ಆಗೂದಿಲ್ಲಂದ್ರ, ಅವರನ್ನೆಲ್ಲಾ ಒಮ್ಮೆ ಕೂಡಿಸಿ, ಇದರ ಜೋಡಿ ಕಳಿಸಿದ ಜೋಗುಳನ ಕೊನಿತನಕ ಕೇಳಸ್ರಿ. ನಡುವ ಯಾರರ ನಿದ್ದಿ ಹ್ವಾದ್ರ ದಯಮಾಡಿ ಎಬ್ಬಸಬ್ಯಾಡ್ರಿ, ಆಯಿಗೆ ಅದರ ರೂಢಿ ಐತಿ. ಶಾಲಿನ ಗಂಟು ಸದ್ಯ ನನ್ನ ಖೋಲಿಯಾಗ ಐತಿ. ಹಿಟ್ಟು ಬೀಳಬಾರದಂತ ದಿನಾ ಝಾಡಿಸಿ ಇಡಾಕತ್ತೇನಿ.

ಇಂತಿ, ಹದಿನಾರು ಹೆಗಲಿನ ದಾರಿ ಕಾಯುತ್ತಿರುವ
ತಮ್ಮ ವಿಶ್ವಾಸಿ,
ಕಲ್ಮೇಶ

ತಾ.ಕ.: ಇದಕ್ಕ ಮೊದಲ ಬರೆದ ಪತ್ರಕ್ಕ ನಿಮ್ಮ ಕಡೆಯಿಂದ ಕಣ್ಣು ಮಿಟುಕಿಸೂದರಾಗ ಉತ್ತರ ಬಂತು, ನಿಮ್ಮ ಮಾತು ನಮಗೆ ಬಹಳ ಮುಖ್ಯ ಅಂತ. ಖುಷಿಯಾಗಿ ಬಾಳಾಸಾಹೇಬರು ಆ ಉತ್ತರ ಬರದಾವಗಂತ ಹದಿನೇಳನೇ ಶಾಲು ತರಾಕ ಹೊಂಟಿದ್ರು. ಆಯಿ ಬಿಡಲಿಲ್ಲ. "ಪತ್ರಾ ಮುಗಿಯೂತನಕಾನೂ ತಡೀಲಿಲ್ಲಲ್ಲೋ ಇಂವ. ಇವಗ ಶಾಲೂ ಬ್ಯಾಡ, ಕಷಾಯನೂ ಬ್ಯಾಡ."