ಅತ್ತೆಯ ಉಗ್ರಾಣದಲ್ಲಿ ಇಡೀ ಅಪಾರ್ಟ್‌ಮೆಂಟು

ಜೆ.ಪಿ. ನಗರದ ಒಂದು ಅಪಾರ್ಟ್‌ಮೆಂಟಿನ ಅಷ್ಟೂ ಮನೆಗಳ ಫೋನನ್ನು ಒಂದೇ ಏಟಿಗೆ ಕಪ್ಪು ಮಾಡಿದ ಕೀರ್ತಿ ನಮ್ಮ ಸೋದರತ್ತೆಗೆ ಸಲ್ಲಬೇಕು. ನಮ್ಮ ವಂಶದಲ್ಲಿ ವಕೀಲರಿದ್ದಾರೆ, ಡಾಕ್ಟರಿದ್ದಾರೆ. ಇಷ್ಟು ಜನರನ್ನು ಒಟ್ಟಿಗೆ ಕತ್ತಲಿಗೆ ದೂಡುವ ಯೋಗ್ಯತೆ ಮಾತ್ರ ಇನ್ನೊಬ್ಬರಿಗೆ ಬಂದಿಲ್ಲ!

ಅತ್ತೆ ಜಯನಗರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ನಿವೃತ್ತರಾದ ಮೇಲೆ ಮರ್ಯಾದಸ್ಥರು ಏನು ಮಾಡುತ್ತಾರೆ? ಪಾರ್ಕಿನಲ್ಲಿ ನಡೆಯುತ್ತಾರೆ, ಸೊಸೆಯಂದಿರನ್ನು ತಿದ್ದುತ್ತಾರೆ. ಅತ್ತೆ ಫೋರ್ತ್ ಬ್ಲಾಕಿನ ಕಂಪ್ಯೂಟರ್ ಕ್ಲಾಸಿಗೆ ಸೇರಿ ವೆಬ್ ಆ್ಯಪ್ ಮಾಡುವುದನ್ನು ಕಲಿತರು. ಪಾಠ ಹೇಳುತ್ತಿದ್ದವರು ಆಮೇಲೆ ಕೆಲಸ ಬಿಟ್ಟರಂತೆ. ಇವರಿಂದಲೇ ಎಂದು ನಾನು ಹೇಳುವುದಿಲ್ಲ. ಅವರೂ ಹೇಳಲಿಲ್ಲ, ಪಾಪ, ಸಂಸ್ಕಾರವಂತರು.

ಕಲಿತದ್ದನ್ನು ಸುಮ್ಮನೆ ಇಟ್ಟುಕೊಳ್ಳುವ ಜಾಯಮಾನ ಅತ್ತೆಯದಲ್ಲ. ಅಪಾರ್ಟ್‌ಮೆಂಟಿನ ನೀರಿಗೊಂದು ಆ್ಯಪ್ ಮಾಡಿದರು. ಒಂದು ಪುಟದಲ್ಲಿ ಟ್ಯಾಂಕಿನ ಮಟ್ಟ, ಇನ್ನೊಂದರಲ್ಲಿ ಮೋಟಾರಿನ ಗುಂಡಿ, ಮತ್ತೊಂದರಲ್ಲಿ ದೂರು ಬರೆಯುವ ಜಾಗ. ತೊಂದರೆಯೆಂದರೆ, ಪ್ರತಿ ಪುಟವೂ ತನ್ನ ಮಾಹಿತಿಯನ್ನು ತಾನೇ ಇಟ್ಟುಕೊಂಡಿತ್ತು. ಒಂದು ಪುಟ ‘ಟ್ಯಾಂಕ್ ತುಂಬಿದೆ’ ಎನ್ನುವಾಗ ಇನ್ನೊಂದು ‘ಖಾಲಿ, ಖಾಲಿ’ ಎಂದು ಗೋಳಾಡುತ್ತಿತ್ತು. ಅಸೋಸಿಯೇಷನ್ ಅಧ್ಯಕ್ಷರು ಗೋಳಾಡಿದ್ದನ್ನೇ ನಂಬಿ ಮೋಟಾರ್ ಹಾಕಿದರು. ಮೆಟ್ಟಿಲ ಮೇಲೆ ಜೋಗ ಇಳಿಯಿತು.

ನಾನು ಬಿಟಿಎಂ ಲೇಔಟಿನ ಕಂಪನಿಯೊಂದರಲ್ಲಿ ಇದೇ ಆ್ಯಪ್ ಕಟ್ಟುವ ಕೆಲಸದವಳು. ಕರೆ ಬಂತು.

“ಬಾರೇ ಇಲ್ಲಿ. ನನ್ನ ಆ್ಯಪ್ ಸುಳ್ಳು ಹೇಳ್ತಿದೆ!”

ಹೋಗಿ ನೋಡಿ ಹೇಳಿದೆ: “ಅತ್ತೆ, ನೀರಿನ ಮಟ್ಟನ ಪ್ರತಿ ಪುಟದಲ್ಲೂ ಬೇರೆಬೇರೆ ಇಡಬೇಡಿ. ಒಂದೇ ಕಡೆ ಇಡಿ. ಅದಕ್ಕೆ ಸ್ಟೋರ್ ಅಂತಾರೆ. ಎಲ್ಲಾ ಪುಟಗಳನ್ನೂ ಅದಕ್ಕೆ ಕನೆಕ್ಟ್ ಮಾಡಿ. ಅಲ್ಲಿ ಬದಲಾದ್ರೆ ಎಲ್ಲಾ ಕಡೆನೂ ತಾನಾಗೇ ಬದಲಾಗತ್ತೆ.”

“ಉಗ್ರಾಣ ಅನ್ನು! ಮದುವೆಮನೆ ಉಗ್ರಾಣ. ಇಷ್ಟಕ್ಕೆ ಇಂಗ್ಲಿಷ್ ಯಾಕೆ?”

ಎಲ್ಲರ ಫೋನೂ ಆ ಒಂದೇ ಉಗ್ರಾಣವನ್ನು ನೋಡುವಂತೆ ಇಬ್ಬರೂ ಸೇರಿ ಜೋಡಿಸಿದೆವು. ನೀರಿನ ಜಗಳ ಅವತ್ತೇ ನಿಂತಿತು. ನಾನು ಕಾಫಿ ಕುಡಿದು ಹೊರಟೆ. ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಅತ್ತೆಯ ವಿಷಯದಲ್ಲಿ ಯಾವ ಕಥೆ ತಾನೇ ಮುಗಿದಿದೆ?

ಅವರು ಕಂಡಕಂಡದ್ದನ್ನೆಲ್ಲ ಉಗ್ರಾಣಕ್ಕೆ ತುಂಬತೊಡಗಿದರು. ಎರಡನೇ ಮಹಡಿಯ ಅಂಕಲ್ ಕಣ್ಣುರಿ ಎಂದು ತಮ್ಮ ಫೋನಿನಲ್ಲಿ ಕಪ್ಪು ಹಿನ್ನೆಲೆ ಆರಿಸಿಕೊಂಡರು. ಅಷ್ಟೇ! ಎಲ್ಲ ಮನೆಗಳಲ್ಲೂ ಆ್ಯಪ್ ಕಪ್ಪಾಯಿತು. ಮೂರನೇ ಮಹಡಿಯ ಆಂಟಿ ಗಾಬರಿಯಾಗಿ ಬೆಳ್ಳಗೆ ಮಾಡಿದರು. ಅಂಕಲ್ ಮತ್ತೆ ಕಪ್ಪು ಮಾಡಿದರು. ಮಧ್ಯಾಹ್ನವಿಡೀ ಅಪಾರ್ಟ್‌ಮೆಂಟು ಕಣ್ಣು ಹೊಡೆಯುತ್ತಿತ್ತು.

“ಬಣ್ಣ ಅವರವರ ಇಷ್ಟ ಅತ್ತೆ. ಅದನ್ನ ಉಗ್ರಾಣದಿಂದ ತೆಗೀರಿ.”

“ಯಾಕೆ? ಒಂದೇ ಬಿಲ್ಡಿಂಗು. ಹೊರಗಡೆ ಗೋಡೆಗೆ ಒಬ್ಬೊಬ್ಬರು ಒಂದೊಂದು ಬಣ್ಣ ಹೊಡೆಸ್ತಾರಾ?”

ನಾನು ವಾದ ಬಿಟ್ಟು, ಬಣ್ಣವನ್ನು ಉಗ್ರಾಣದಿಂದ ನಾನೇ ಎತ್ತಿ ಹೊರಗಿಟ್ಟು ಬಂದೆ.

ಮುಂದಿನ ಸರದಿ ದೂರಿನ ಪುಟದ್ದು. ಟೈಪ್ ಮಾಡುತ್ತಿರುವ ಅಕ್ಷರಗಳನ್ನೂ ಅತ್ತೆ ಉಗ್ರಾಣಕ್ಕೆ ಸೇರಿಸಿಬಿಟ್ಟರು! ಯಾರು ಏನು ಕುಟ್ಟಿದರೂ, ಕಳಿಸುವ ಮುಂಚೆಯೇ, ಮನೆ ನಂಬರಿನ ಸಮೇತ ಎಲ್ಲರ ಪರದೆಯ ಮೇಲೂ ಮೂಡುತ್ತಿತ್ತು. ಪಾಪ, ಅಧ್ಯಕ್ಷರಿಗೆ ಇದು ತಿಳಿಯದು. “ಈ ಯಮ್ಮನ ಕೈಗೆ ಆ್ಯಪ್ ಕೊಟ್ಟಿದ್ದೇ ನಮ್ಮ ಕರ್ಮ” ಎಂದು ಬರೆದರು. ಅಳಿಸಿದರು. “ಮಾನ್ಯ ಮೇಡಂ, ತಮ್ಮ ಸೇವೆ ಶ್ಲಾಘನೀಯ, ಆದರೆ” ಎಂದು ಹೊಸದಾಗಿ ಶುರುಮಾಡಿದರು. ಇಡೀ ಕಟ್ಟಡ ಉಸಿರು ಬಿಗಿಹಿಡಿದು ಓದುತ್ತಿತ್ತು. ಅತ್ತೆ ಅವರಿಗೆ ಫೋನ್ ಹಚ್ಚಿದರು.

“ಸಾರ್, ಮೊದಲು ಬರೆದಿದ್ದೇ ಇರಲಿ. ಕನ್ನಡ ಚೆನ್ನಾಗಿತ್ತು.”

ಆಮೇಲೆ ಕೆಲವು ದಿನ ಅಧ್ಯಕ್ಷರು ಲಿಫ್ಟ್ ಹತ್ತಲಿಲ್ಲ. ಅತ್ತೆ ಒಳಗಿದ್ದರೆ?

ಶನಿವಾರ ನಾನು ಲ್ಯಾಪ್‌ಟಾಪ್ ಹಿಡಿದು ಯುದ್ಧಕ್ಕೇ ಹೋದೆ. “ಕಳಿಸೋ ತನಕ ಬರೆದಿದ್ದು ಅವರವರ ಫೋನಲ್ಲೇ ಇರಬೇಕು ಅತ್ತೆ!”

“ಮನಸ್ಸಲ್ಲಿರೋದು ಕಾಣಿಸ್ಲಿ ಬಿಡು. ಮುಚ್ಚಿಡೋಕೆ ಅದೇನು ಒಡವೆನಾ?”

ಅಷ್ಟರಲ್ಲಿ ಪರದೆಯ ಮೇಲೆ ಅಕ್ಷರಗಳು ಮೂಡತೊಡಗಿದವು. ನೆಲಮಹಡಿಯ ಮನೆ. ಮೋಟಾರ್ ಕೋಣೆಯ ಗೋಡೆಗೆ ಅಂಟಿಕೊಂಡದ್ದು. ಅಲ್ಲಿಗೆ ನನ್ನ ವಯಸ್ಸಿನ ಒಬ್ಬಾಕೆ ಮತ್ತು ಅವರ ತಾಯಿ ಬಾಡಿಗೆಗೆ ಬಂದು ಇನ್ನೂ ವಾರವಾಗಿರಲಿಲ್ಲ. ಆ್ಯಪಿನ ಪ್ರತಾಪ ಅವರಿಗೆ ಯಾರೂ ಹೇಳಿದಂತಿರಲಿಲ್ಲ.

“ಮೋಟಾರ್ ಸದ್ದಿಗೆ ಅಮ್ಮ ಬೆಚ್ಚಿಬಿದ್ದು ಅಳ್ತಾರೆ. ನಾನು ಯಾರು ಅಂತಾನೂ ಗುರುತು ಸಿಗಲ್ಲ ಆಗ. ಸಮಾಧಾನ ಮಾಡೋಕೆ ನನ್ನ ಕೈಲಿ ಇನ್ನು ಆಗ್ತಿಲ್ಲ.”

ಅಕ್ಷರಗಳು ಸ್ವಲ್ಪ ಹೊತ್ತು ಹಾಗೇ ನಿಂತವು. ಆಮೇಲೆ ಹಿಂದಿನಿಂದ ಒಂದೊಂದಾಗಿ ಅಳಿದವು. ಅದೇ ಜಾಗದಲ್ಲಿ, “ಮೋಟಾರ್ ಸ್ವಲ್ಪ ಸದ್ದು ಮಾಡ್ತಿದೆ. ಅರ್ಜೆಂಟ್ ಏನಿಲ್ಲ” ಎಂದು ಮೂಡಿತು.

ಅದನ್ನೂ ಅಳಿಸಿದರು. ಏನನ್ನೂ ಕಳಿಸಲಿಲ್ಲ.

ನಾನು ಅತ್ತೆಯ ಕಡೆ ನೋಡಿದೆ.

“ಮೊದಲು ಆ್ಯಪ್ ನಿಲ್ಲಿಸೇ,” ಎಂದರು, ಮೆಲ್ಲಗೆ. “ನೀನು ಹೇಳಿದ ಹಾಗೇ ಮಾಡು. ಒತ್ತಿ ಕಳಿಸಿದ ಮೇಲೆ ಕಂಡರೆ ಸಾಕು.” ಎದ್ದು ಕೆಳಗಿಳಿದು ಹೋದರು.

ಕೆಲಸ ಮುಗಿಸಿ ನಾನೂ ಇಳಿದೆ. ನೆಲಮಹಡಿಯ ಆ ಮನೆಯ ಬಾಗಿಲು ತೆರೆದೇ ಇತ್ತು. ಅತ್ತೆ ಓದಿದ್ದನ್ನು ಬಾಯಿಬಿಟ್ಟಿರಲಿಲ್ಲ. ಮಗಳಿಗೆ ಹೇಳುತ್ತಿದ್ದರು: “ಮೋಟಾರ್ ಹೇಗಿದೆ ನೋಡೋಣ ಅಂತ ಬಂದೆ ಕಣಮ್ಮ. ನೀನು ಒಳಗೆ ಹೋಗಿ ಒಂದು ಗಳಿಗೆ ಮಲಗು. ನಾನು ಇವರ ಹತ್ರ ಕೂತಿರ್ತೀನಿ.”

ಮಗಳು ಸೆರಗಿನಂತೆ ದುಪಟ್ಟವನ್ನು ಮುಖಕ್ಕೊತ್ತಿಕೊಂಡು ಒಳಗೆ ಹೋದರು.

ಈಗ ಮೋಟಾರ್ ಹಾಕುವ ಕೆಲಸವನ್ನು ಅತ್ತೆ ಬೇರೆ ಯಾರಿಗೂ ಬಿಡುವುದಿಲ್ಲ. ದಿನವೂ ನೆಲಮಹಡಿಯ ಆ ಮನೆಯಲ್ಲಿ, ಮಂಚದ ಪಕ್ಕ ಕೂರುತ್ತಾರೆ. “ಈಗ ಸದ್ದು ಬರತ್ತೆ ಅಮ್ಮ, ನಾನಿದೀನಿ” ಎನ್ನುತ್ತಾರೆ. ಆ ತಾಯಿಯ ಕೈಯನ್ನು ಒಂದು ಕೈಯಲ್ಲಿ ಹಿಡಿದುಕೊಂಡ ಮೇಲೆಯೇ ಇನ್ನೊಂದು ಕೈಯಿಂದ ಫೋನಿನಲ್ಲಿ ಮೋಟಾರಿನ ಗುಂಡಿ ಒತ್ತುತ್ತಾರೆ.