ಮಣಿಪದಕ ಕಾಪಾಡುವ ಹನ್ನೊಂದು ಸೂತ್ರಗಳು

ಲೈಲ್ ಬೆಲ್ಯಾಂಜರ್‌ನ ನೌಕರಿಗೆ ಕುತ್ತು ತಂದದ್ದು ಸೊಳ್ಳೆ ಔಷಧದ ಒಂದು ಸ್ಪ್ರೇ ಡಬ್ಬಿ. ಅದರ ಮುಚ್ಚಳ ಕಳೆದು ಎರಡು ವಾರವಾಗಿತ್ತು. ಶುಕ್ರವಾರ ಬೆಳಿಗ್ಗೆ ಅವನು ಆ ಡಬ್ಬಿಯನ್ನು ಊಟದ ಚೀಲದ ತಳಕ್ಕೆ ಹಾಕಿದ. ಅದರ ಮೇಲೆ ಅತ್ತೆಯ ಮಣಿಪದಕದ ಗಂಟು, ಗಂಟಿನ ಮೇಲೆ ಕೆರೆಯಲ್ಲಿ ತಾನಾಗಿ ಬೆಳೆಯುವ ಕಾಡಕ್ಕಿಯ ಸಾರಿನ ಥರ್ಮಾಸು. ಹದಿನಾಲ್ಕು ಮೈಲಿ ಜಲ್ಲಿರಸ್ತೆಯ ಒಂದೊಂದು ಗುಂಡಿಗೂ ಥರ್ಮಾಸು ಗಂಟನ್ನು ಒತ್ತಿತು, ಗಂಟು ಡಬ್ಬಿಯ ಮೂತಿಯನ್ನು ಒತ್ತಿತು. ಕಚೇರಿ ಮುಟ್ಟುವಾಗ ಡಬ್ಬಿ ಖಾಲಿಯಾಗಿತ್ತು.

ಕ್ರೇನ್ ನ್ಯಾರೋಸ್‌ನ ಉತ್ತರ ಅಮೆರಿಕದ ಮೂಲನಿವಾಸಿಗಳಾದ ಒಜಿಬ್ವೆ ಜನರ ಸಮುದಾಯ ಕಚೇರಿಯಲ್ಲಿ ಲೈಲ್ ಸಂಸ್ಕೃತಿ ವಿಭಾಗದ ಸಹಾಯಕ. ಆರು ತಿಂಗಳ ಪರೀಕ್ಷಾ ಅವಧಿ ಅಂದೇ ಮುಗಿಯುವುದಿತ್ತು. ಈ ಆರು ತಿಂಗಳಲ್ಲಿ ಅವನು ಮಾಡಿದ ಕೆಲಸ ಒಂದೇ: ‘ಮಣಿಪದಕ ಕಾಪಾಡುವ ಹನ್ನೊಂದು ಸೂತ್ರಗಳು’ ಎಂಬ ಎಂಟು ಪುಟದ ಪುಸ್ತಿಕೆ. ಸೂಜಿಗೆ ದಾರ ಪೋಣಿಸಿದ ಅನುಭವವೂ ಅವನಿಗಿರಲಿಲ್ಲ. ಮನೆಯ ಹೆಂಗಸರು ಹತ್ತು ವರ್ಷ ಬೈದದ್ದನ್ನೆಲ್ಲ ನೆನಪಿಸಿಕೊಂಡು ಕ್ರಮವಾಗಿ ಬರೆದಿದ್ದ. ಒಂದನೇ ಸೂತ್ರ: ಸೊಳ್ಳೆ ಔಷಧ, ಸೆಂಟು, ತಲೆಗೂದಲ ಸ್ಪ್ರೇಗಳನ್ನು ಮಣಿಗಳ ಹತ್ತಿರ ತರಬೇಡಿ. ಎರಡನೇ ಸೂತ್ರ: ತೊಳೆಯಬೇಡಿ. ಮೂರನೆಯದು: ನೇತುಹಾಕಬೇಡಿ, ಮಲಗಿಸಿ ಇಡಿ.

ಮುಖಪುಟದಲ್ಲಿ ಅತ್ತೆ ವರ್ನಡೀನ್ ಬಣ್ಣದ ಗಾಜಿನ ಮಣಿಗಳಲ್ಲಿ ಹೊಲಿದ ಗುಲಾಬಿ ಹೂವಿನ ಕೊರಳ ಪದಕದ ಬಣ್ಣದ ಚಿತ್ರವಿತ್ತು. ಸಂಜೆ ಆರಕ್ಕೆ, ಪವ್‌ವೌ ಎಂಬ ಸಮುದಾಯದ ಹಬ್ಬದ ಕುಣಿತ ಶುರುವಾಗುವ ಮೊದಲು, ಆಕೆ ಅದೇ ಪದಕ ಧರಿಸಿ ಸಮುದಾಯ ಭವನದಲ್ಲಿ ಪುಸ್ತಿಕೆ ಬಿಡುಗಡೆ ಮಾಡಬೇಕಿತ್ತು. ಹಗಲೆಲ್ಲ ಪೇಟೆಯಲ್ಲಿ ಕೂದಲು ಕಟ್ಟಿಸಿಕೊಳ್ಳುವ ಕೆಲಸ ಇರುವುದರಿಂದ ಪದಕವನ್ನು ಬೆಳಿಗ್ಗೆಯೇ ಅಳಿಯನ ಕೈಗೆ ಕೊಟ್ಟಿದ್ದಳು.

"ಮಲಗಿಸಿ ಇಡಿ ಅಂತ ನೀನೇ ಬರ್ದಿದೀಯಲ್ಲ ಅಳಿಯಾ, ಮಲಗಿಸ್ಕೊಂಡೇ ತಗೊಂಡ್ಹೋಗು. ನಾನು ಬರೋ ತನಕ ಗಂಟು ಬಿಚ್ಬೇಡ."

ಚೀಲ ಒದ್ದೆಯಾದದ್ದು ಕಂಡ ಮೇಲೆ ಬಿಚ್ಚದೆ ಇರುವುದು ಹೇಗೆ? ಲೈಲ್ ಬಿಚ್ಚಿದ. ಎಲೆಗಳು ಹಸಿರಾಗಿದ್ದವು, ನಡುವಿನ ಹಳದಿ ಹಳದಿಯಾಗಿತ್ತು. ದಳಗಳು ಮಾತ್ರ ಪಾತ್ರೆ ತೊಳೆದ ನೀರಿನ ಬಣ್ಣಕ್ಕೆ ತಿರುಗಿದ್ದವು.

ನೆಲ ಒರೆಸುತ್ತಿದ್ದ ಪರ್ಸಿ ಕೋಲಿಗೆ ಗಲ್ಲ ಊರಿ ಬಗ್ಗಿ ನೋಡಿದ. "ಇದೇನಯ್ಯಾ, ಗುಲಾಬಿಗೆ ರಕ್ತ ಕಮ್ಮಿ ಆಗಿದ್ಯಾ?"

"ಪರ್ಸಿ, ಯಾರಿಗೂ ಹೇಳ್ಬೇಡ."

"ನಾನ್ಯಾಕೆ ಹೇಳ್ಲಿ? ನನ್ನ ತಂಗಿ ಹತ್ರ ಉಗುರಿಗೆ ಬಳಿಯೋ ಬಣ್ಣ ಇದೆ, ಇದೇ ಗುಲಾಬಿ. ತರ್ಲಾ?"

ಪರ್ಸಿಗೆ ಗುಟ್ಟು ಹೇಳುವುದೂ ಸಮುದಾಯದ ರೇಡಿಯೋದಲ್ಲಿ ಪ್ರಕಟಣೆ ಕೊಡುವುದೂ ಒಂದೇ. ವ್ಯತ್ಯಾಸವೆಂದರೆ ರೇಡಿಯೋ ಸಂಜೆ ಏಳಕ್ಕೆ ಮುಚ್ಚುತ್ತದೆ. ಹತ್ತು ನಿಮಿಷದೊಳಗೆ ಪಕ್ಕದ ಚಿಕಿತ್ಸಾಲಯದಿಂದ ಇಬ್ಬರು ದಾದಿಯರು ಬಂದು ಪದಕ ನೋಡಿಕೊಂಡು ಹೋದರು. ಅವರ ಹಿಂದೆಯೇ ವಿಭಾಗದ ನಿರ್ದೇಶಕಿ ಶಾನಾ ಬಂದಳು.

"ಪದಕ ಸರಿ ಮಾಡೋದು ಕಷ್ಟ," ಎಂದಳು ಆಕೆ ಸಮಾಧಾನದಿಂದ. "ನಾನೂರು ಪುಸ್ತಿಕೆ ಮುಖಪುಟಾನ ಬೂದು ಬಣ್ಣದಲ್ಲಿ ಮತ್ತೆ ಅಚ್ಚು ಹಾಕಿಸಿದ್ರೆ ಎರಡೂ ಹೊಂದ್ಕೊಳ್ತವೆ. ಮಧ್ಯಾಹ್ನ ಒಂದು ಸಭೆ ಕರೆಯೋಣ. ಅಂದ ಹಾಗೆ ಲೈಲ್, ನಿನ್ನ ನೌಕರಿ ಕಾಯಂ ಮಾಡೋ ಕಾಗದ ನನ್ನ ಮೇಜಿನ ಮೇಲಿದೆ. ಸಂಜೆ ಕಾರ್ಯಕ್ರಮ ಹೇಗಾಗತ್ತೆ ನೋಡ್ಕೊಂಡು ಸಹಿ ಹಾಕ್ತೀನಿ."

ಉಳಿದದ್ದು ಒಂದೇ ದಾರಿ, ಆರ್ಡಿಸ್. ಮೀನು ಹಿಡಿಯಲು, ಕಾಡಕ್ಕಿ ಕೊಯ್ಯಲು ಪರವಾನಗಿ ಕೊಡುವ ಕಿಟಕಿಯ ಹಿಂದೆ ಕೂರುವ ಈಕೆ, ವರ್ನಡೀನ್‌ಳನ್ನು ಬಿಟ್ಟರೆ ಆ ಸೀಮೆಯಲ್ಲೇ ಮಣಿಕೆಲಸದಲ್ಲಿ ಮೊದಲಿಗಳು. ವರ್ನಡೀನ್‌ಳನ್ನು ಬಿಟ್ಟರೆ ಎಂಬ ಮಾತನ್ನು ಅವಳೆದುರು ಯಾರೂ ಆಡುತ್ತಿರಲಿಲ್ಲ. ಆರು ವರ್ಷದ ಹಿಂದೆ ಒಂದು ಸ್ಪರ್ಧೆಯಲ್ಲಿ ತೀರ್ಪುಗಾರರು ಇಬ್ಬರಿಗೂ ಸಮನಾಗಿ ಮೊದಲ ಬಹುಮಾನ ಕೊಟ್ಟಿದ್ದರು. ಆ ಅವಮಾನದ ನಂತರ ಇಬ್ಬರೂ ಮಾತಾಡಿರಲಿಲ್ಲ.

ಆರ್ಡಿಸ್ ಭೂತಗನ್ನಡಿ ಹಿಡಿದು ಪದಕವನ್ನು ಮುಂದೆ ನೋಡಿದಳು, ಹಿಂದೆ ನೋಡಿದಳು, ಕೊನೆಗೆ ಮೂಸಿದಳು.

"ಗಾಜಿನೊಳಗಿನ ಬಣ್ಣ ಅಲ್ಲ ಇದು, ಮೇಲೆ ಬಳಿದದ್ದು. ಅಷ್ಟು ದೊಡ್ಡ ಕಸುಬುದಾರಳಿಗೆ ಬಣ್ಣ ನಿಲ್ಲೋ ಮಣಿ ಸಿಗ್ಲಿಲ್ವಂತಾ?"

"ಆರ್ಡಿಸಕ್ಕಾ, ಸಂಜೆ ಆರರೊಳಗೆ ಆಗ್ಬೇಕು. ನನ್ನ ಹೊಟ್ಟೆಪಾಡು."

"ನಿನ್ನ ಹೊಟ್ಟೆ ನೋಡಿದ್ರೆ ಅಷ್ಟೇನೂ ಪಾಡು ಪಟ್ಟಿರೋ ಹಾಗೆ ಕಾಣಲ್ಲ," ಎಂದಳು ಆರ್ಡಿಸ್. ಆದರೆ ಗಡಿಯಾರದಲ್ಲಿ ಹತ್ತೂ ಕಾಲು ಆಗಿದ್ದಾಗ ‘ಊಟಕ್ಕೆ ಹೋಗಿದ್ದಾರೆ’ ಎಂಬ ಹಲಗೆಯನ್ನು ಕಿಟಕಿಗೆ ನೇತುಹಾಕಿ, ಎರಡು ಸೂಜಿ ತೆಗೆದು ಕೂತಳು.

ಪರವಾನಗಿಗೆ ಬಂದವರು ಹೋಗಲಿಲ್ಲ. ಮೀನು ಎಲ್ಲಿಗೂ ಓಡುವುದಿಲ್ಲ, ಇಂಥ ನೋಟ ದಿನಾ ಸಿಗುವುದಿಲ್ಲ. ಆರ್ಡಿಸ್ ಒಂದೊಂದೇ ದಳದ ದಾರ ಕತ್ತರಿಸಿ ನೂರ ಅರವತ್ತನಾಲ್ಕು ಮಣಿ ಕಿತ್ತಳು, ಅಷ್ಟೇ ಹೊಸ ಮಣಿ ಕೂರಿಸಿದಳು. ಲೈಲ್ ಮೇಜಿನ ದೀಪ ಹಿಡಿದು ನಿಂತಿದ್ದ. ಅವನು ಗಡಿಯಾರದತ್ತ ತಿರುಗಿ ಬೆಳಕು ಸರಿದಾಗಲೆಲ್ಲ ಆರ್ಡಿಸ್ ತಲೆಯೆತ್ತದೆ, "ದೀಪಕ್ಕೂ ಪರವಾನಗಿ ಬೇಕಾ?" ಎನ್ನುತ್ತಿದ್ದಳು.

ಎರಡೂವರೆಗೆ ಹೂವು ಮತ್ತೆ ಅರಳಿತು. ಮುಖಪುಟದ ಪಕ್ಕ ಹಿಡಿದರೆ ಯಾವುದು ಚಿತ್ರ, ಯಾವುದು ಪದಕ ಎಂದು ಹೇಳುವಂತಿರಲಿಲ್ಲ. ಲೈಲ್ ಕೈಚಾಚಿದ. ಆರ್ಡಿಸ್ ಕೊಡಲಿಲ್ಲ.

"ಇದರಲ್ಲಿ ಆತ್ಮದ ಮಣಿ ಇಲ್ಲ."

ಸಾಲಿನಲ್ಲಿ ನಿಂತವರು ಒಂದು ಹೆಜ್ಜೆ ಮುಂದೆ ಬಂದರು. ಹೊಲಿಯುವವರು ಎಲ್ಲಾದರೊಂದು ಕಡೆ ಬೇಕೆಂದೇ ಒಂದು ತಪ್ಪು ಬಣ್ಣದ ಮಣಿ ಇಡುವುದು ಅಲ್ಲಿಯ ಅನೇಕರ ರೂಢಿ. ತಪ್ಪಿಲ್ಲದ್ದು ಸೃಷ್ಟಿಕರ್ತನ ಕೆಲಸ ಮಾತ್ರ ಎಂದು ಒಪ್ಪಿಕೊಳ್ಳುವ ವಿನಯ ಅದು.

"ಎಲೇಲಿ ಹುಡುಕ್ದೆ, ಅಂಚಲ್ಲಿ ಹುಡುಕ್ದೆ. ಎಲ್ಲೂ ಇಲ್ಲ. ನಿನ್ನತ್ತೆ ತಪ್ಪೇ ಮಾಡಲ್ವಂತೆ. ನಾನೇ ಒಂದು ಹಾಕ್ತೀನಿ. ಹಸಿರು."

"ಬೇಡಕ್ಕಾ, ನಿನ್ನ ದಮ್ಮಯ್ಯ. ಕುಣಿತದ ಅಂಗಳದ ಆಚೆ ತುದೀಲಿ ಇರೋರ ಅಂಗೀಲಿ ಒಂದು ಮಣಿ ತಪ್ಪಿದ್ರೂ ಅತ್ತೆಗೆ ಕಾಣತ್ತೆ."

"ಹಂಗಾದ್ರೆ ಒಳ್ಳೇದಾಯ್ತು, ಕಾಣ್ಲಿ. ಬೇಡ ಅಂದ್ರೆ ಹೇಳಪ್ಪ, ಬೂದು ಮಣಿಗಳು ಇಲ್ಲೇ ತಟ್ಟೇಲಿವೆ. ಅವನ್ನೇ ವಾಪಸ್ ಹೊಲಿತೀನಿ."

ಪರ್ಸಿ ಮಧ್ಯೆ ಬಂದು, ಇಂಥ ವಿಷಯವನ್ನು ಜನರ ಮುಂದಿಡಬೇಕು ಎಂದ. ಕೈ ಎತ್ತಿಸಿ ಎಣಿಸಿದ. ಹಸಿರು ಮಣಿಯ ಪರವಾಗಿ ಒಂಬತ್ತು, ವಿರುದ್ಧವಾಗಿ ಒಂದು. ಆ ಒಂದು ಲೈಲ್‌ನದು. ಅವನಿಗೆ ಮೀನಿನ ಪರವಾನಗಿ ಬೇಕಿಲ್ಲವಾದ್ದರಿಂದ ಅದನ್ನೂ ಲೆಕ್ಕದಿಂದ ತೆಗೆದರು. ಆರ್ಡಿಸ್ ಮೇಲಿನ ದಳದ ನಟ್ಟನಡುವೆ ಒಂದು ಹಸಿರು ಮಣಿ ಕೂರಿಸಿದಳು. ಅದು ನೆಂಟರ ಮದುವೆಗೆ ಬಂದ ಪೊಲೀಸಿನವನಂತೆ ಕಾಣುತ್ತಿತ್ತು.

ಆರು ಗಂಟೆಗೆ ಸಮುದಾಯ ಭವನ ತುಂಬಿತ್ತು. ವರ್ನಡೀನ್ ಎತ್ತರಕ್ಕೆ ಕಟ್ಟಿದ ಕೂದಲಿನೊಂದಿಗೆ ಬಂದು ಕುತ್ತಿಗೆ ಬಗ್ಗಿಸಿದಳು. ಲೈಲ್ ಪದಕ ಹಾಕಿದ. ಅವಳ ಹೆಬ್ಬೆರಳು ಎಲೆ ಸವರಿ, ದಳ ಸವರಿ, ಮೇಲಿನ ದಳದ ನಡುವೆ ನಿಂತಿತು. ವರ್ನಡೀನ್ ಕೂದಲು ಸರಿಮಾಡಿಕೊಂಡು ಮೈಕಿನ ಮುಂದೆ ಹೋದಳು.

"ನನ್ನ ಅಳಿಯ ಬರ್ದಿರೋ ಪುಸ್ತಕ ಇದು. ಒಂದನೇ ಸೂತ್ರಾನ ಎಲ್ಲರೂ ಗಮನ ಕೊಟ್ಟು ಓದಿ. ಇವತ್ತು ಬೆಳಿಗ್ಗೆ ಈ ಪದಕದ ಮೇಲೆ ಒಂದಿಡೀ ಡಬ್ಬಿ ಸೊಳ್ಳೆ ಔಷಧ ಚೆಲ್ಲಿ, ಸ್ವಂತ ಅನುಭವದಿಂದ ಹೇಳ್ತಿದಾನೆ. ಒಂದು ಮಾತ್ರ ನಿಜ, ಇವತ್ತಿಡೀ ಇದಕ್ಕೆ ಒಂದು ಸೊಳ್ಳೇನೂ ಕಚ್ಚಿಲ್ಲ."

ನಾನೂರು ಜನ ನಕ್ಕರು. ನಗಾರಿಯ ತಂಡದವರು ನಗು ನಿಲ್ಲುವ ತನಕ ಕೋಲು ಎತ್ತಿಕೊಂಡೇ ಕಾದರು. ಶಾನಾ ಲೈಲ್‌ನ ಹತ್ತಿರ ಬಂದು, "ಕಾರ್ಯಕ್ರಮ ಬಹಳ ಚೆನ್ನಾಗಾಯ್ತು. ಪರೀಕ್ಷಾ ಅವಧಿ ಇನ್ನೊಂದಾರು ತಿಂಗಳು ಮುಂದುವರಿಸೋಣ," ಎಂದು ಕೈ ಕುಲುಕಿದಳು.

ಕುಣಿತ ಶುರುವಾದ ಮೇಲೆ ವರ್ನಡೀನ್ ಅಳಿಯನನ್ನು ಕಂಬದ ಮರೆಗೆ ಕರೆದಳು.

"ಆರ್ಡಿಸ್ ಹೊಲಿಗೆ ತಾನೆ? ನೋಡಿದ ಕೂಡ್ಲೆ ಗೊತ್ತಾಯ್ತು. ಚೆನ್ನಾಗಿದೆ. ಹೋದ ಶನಿವಾರದಿಂದ ಇದನ್ನ ಯಾರ ಕೈಲಿ ಸರಿ ಮಾಡ್ಸೋದು ಅಂತ ನಿದ್ದೆ ಇರ್ಲಿಲ್ಲ ನೋಡು."

"ಶನಿವಾರದಿಂದ?"

"ಅಕ್ಕನ ಊರಿನ ಕುಣಿತದಲ್ಲಿ ಸೊಳ್ಳೆ ಅಂದ್ರೆ ಸೊಳ್ಳೆ. ಕುತ್ತಿಗೆಗೆ ಔಷಧ ಚೆನ್ನಾಗಿ ಹೊಡ್ಕೊಂಡೆ. ಬೆಳಿಗ್ಗೆ ನೋಡಿದ್ರೆ ಹೂವು ಬೂದಿ. ನಂಗೆ ಈಗ ಅಷ್ಟು ಹೊತ್ತು ಕಣ್ಣು ನಿಲ್ಲಲ್ಲ, ಆರ್ಡಿಸ್‌ನ ನಾನು ಕೇಳಲ್ಲ. ಬಿಚ್ಬೇಡ ಅಂದ್ರೆ ನೀನು ಬಿಚ್ಚೇ ಬಿಚ್ತೀಯ. ಬಿಚ್ಚಿದ್ರೆ ನಿಂದೇ ತಪ್ಪು ಅಂದ್ಕೊಂಡು ಅವಳ ಕಾಲಿಗೆ ಬೀಳ್ತೀಯ. ಮದುವೆಯಾದಾಗಿಂದ ನೋಡ್ತಿದೀನಲ್ಲ. ಆ ಡಬ್ಬಿ ಮಾತ್ರ ನನ್ನ ಅದೃಷ್ಟ, ಬೆಳಿಗ್ಗೇನೇ ಪರ್ಸಿ ಪೇಟೆಗೆ ಫೋನ್ ಮಾಡಿ ಹೇಳ್ದ."

ಲೈಲ್ ಪದಕದ ಕಡೆ ಬೆರಳು ತೋರಿಸಿದ. "ಆ ಹಸಿರು... ಆತ್ಮದ ಮಣಿ ಇರ್ಲಿಲ್ಲ ಅಂತ ಅವಳು..."

"ಇರ್ಲಿಲ್ವಾ? ಇತ್ತು. ಉಳಿದವಕ್ಕಿಂತ ಒಂದೇ ಒಂದು ಛಾಯೆ ಗಾಢ ಗುಲಾಬಿ. ಬಣ್ಣ ಹೋದಾಗ ಅದೂ ಹೋಯ್ತು. ಯಾರಿಗೂ ಕಾಣದಷ್ಟು ಸಣ್ಣ ತಪ್ಪು ಮಾಡೋದು ಎಲ್ಲರ ಕೈಲೂ ಆಗಲ್ಲ ಕಣೋ. ಹೊಲಿದವಳು ನಾನು, ಬೇರೆಯವಳು ಇಟ್ರೆ ಅದು ಆತ್ಮದ ಮಣಿ ಅಲ್ಲ, ಬರೀ ತಪ್ಪು. ಆರ್ಡಿಸ್‌ಗೆ ಕಣ್ಣು ಹೋಗಿದೆ ಅಂತ ಈ ಹಸಿರು ಮಣೀನ ಆಗ್ಲೇ ಏಳು ಜನಕ್ಕೆ ತೋರಿಸ್ದೆ." ಇಷ್ಟು ಹೇಳಿ ವರ್ನಡೀನ್ ಎಂಟನೆಯವರನ್ನು ಹುಡುಕಿಕೊಂಡು ಹೋದಳು.

ಲೈಲ್ ಹಸಿವಿಗಲ್ಲ, ಹಿಡಿದುಕೊಳ್ಳಲು ಏನಾದರೂ ಬೇಕೆಂದು ಎಣ್ಣೆಯಲ್ಲಿ ಕರಿದ ಫ್ರೈ ಬ್ರೆಡ್ ಮಾರುವ ಗಾಡಿಯ ಹತ್ತಿರ ಹೋದ. ಅಲ್ಲಿ ಆರ್ಡಿಸ್ ಕಾಯುತ್ತಿದ್ದಳು. ಅವನ ಕೈಗೆ ಒಂದು ಕಾಗದದ ಚೀಲ ಇಟ್ಟಳು. ಒಳಗೆ ಒಂದು ಜೊತೆ ಮಣಿ ಕೈಪಟ್ಟಿಗಳು. ಹೊಗೆ ಹಾಕಿ ಹದ ಮಾಡಿದ ಜಿಂಕೆ ಚರ್ಮದ ಮೇಲೆ ಹೊಲಿದವು. ಚರ್ಮ ಛಾವಣಿಯ ಹಲಗೆಯಂತೆ ಸೆಟೆದು ನಿಂತಿತ್ತು, ಅಂಚಿನ ದಾರ ಕಿತ್ತು ಬಂದಿತ್ತು.

"ಏನಕ್ಕಾ ಇದು?"

"ಬಟ್ಟೆ ತೊಳಿಯೋ ಮಿಷನ್‌ಗೆ ಹೋಗ್ಬಿಟ್ವು. ನಿನ್ನ ಎರಡನೇ ಸೂತ್ರ. ಚರ್ಮ ಮತ್ತೆ ಮೆತ್ತಗೆ ಮಾಡೋದು ಈ ಕಡೆ ನಿನ್ನತ್ತೆ ಒಬ್ಬಳಿಗೇ ಗೊತ್ತು. ಅವಳಿಗೆ ಕೊಡು. ನಂದು ಅಂತ ಹೇಳು ಬೇಕಾದ್ರೆ, ಆದ್ರೆ ನಾನು ಕಳಿಸ್ದೆ ಅನ್ಬೇಡ."

"ತೊಳೆದೋರು ಯಾರು ಅಂದ್ರೆ?"

"ನೀನು ಅನ್ನು. ಇವತ್ತಿಂದ ಯಾರು ಬೇಕಾದ್ರೂ ನಂಬ್ತಾರೆ."

ಆರ್ಡಿಸ್ ಪಕ್ಕಕ್ಕೆ ಸರಿದಳು. ಅವಳ ಹಿಂದೆ ಇನ್ನೂ ಐದು ಜನ ಹೆಂಗಸರು ಒಂದೊಂದು ಚೀಲ ಹಿಡಿದು ನಿಂತಿದ್ದರು. ಎಲ್ಲರ ಕೈಯಲ್ಲೂ ಪುಸ್ತಿಕೆ ಇತ್ತು, ತಾವು ಮುರಿದದ್ದು ಯಾವ ಸೂತ್ರ ಎಂದು ಹೇಳಲು ಬೆರಳು ಪುಟದ ನಡುವೆ ಇಟ್ಟುಕೊಂಡಿದ್ದರು.